ಛಾಪಾ ಕಾಗದ ಮತ್ತು ತಲೆಬುರುಡೆ: 1765ರ ಅಮೆರಿಕದ ಪತ್ರಿಕೆಗಳನ್ನು ಓದುವ ಬಗೆ

1765ರ ಅಕ್ಟೋಬರ್ 31, ಗುರುವಾರ. ಅಂದು ಫಿಲಡೆಲ್ಫಿಯಾದಲ್ಲಿ ಹೊರಬಿದ್ದ ‘ಪೆನ್ಸಿಲ್ವೇನಿಯಾ ಜರ್ನಲ್’ನ ಮುಖಪುಟ ಗೋರಿಕಲ್ಲಿನ ಆಕಾರದಲ್ಲಿತ್ತು. ಸುತ್ತ ದಪ್ಪ ಕರಿಗೆರೆ, ನೆತ್ತಿಯಲ್ಲಿ ತಲೆಬುರುಡೆ ಮತ್ತು ಎಲುಬು. ಮೂಲೆಯಲ್ಲಿ ಸ್ಟ್ಯಾಂಪಿನ ಅಣಕವಾಗಿ ಇನ್ನೊಂದು ಬುರುಡೆ. ಮತ್ತೆ ಜೀವ ಬಂದೀತೆಂಬ ಆಸೆಯಿಂದ ಪ್ರಾಣ ಬಿಡುತ್ತಿದ್ದೇನೆ ಎಂದು ಪತ್ರಿಕೆ ತನ್ನ ಸಾವನ್ನು ತಾನೇ ಸಾರಿಕೊಂಡಿತ್ತು. ಅಮೆರಿಕದ ಕ್ರಾಂತಿಯ ಬಗ್ಗೆ ಬರುವ ಪುಸ್ತಕಗಳಲ್ಲಿ ಈ ಚಿತ್ರ ಹೆಚ್ಚುಕಡಿಮೆ ಕಡ್ಡಾಯ. ಅದರ ಕೆಳಗೆ ‘ಜನರ ಆಕ್ರೋಶ’ ಎಂಬ ಅಡಿಬರಹವೂ ಇರುತ್ತದೆ. ಜನರ ಆಕ್ರೋಶವೇನೋ ಇತ್ತು. ಆದರೆ ಈ ಪುಟದಲ್ಲಿ ಅಳುತ್ತಿರುವವನು ಮುದ್ರಕ ವಿಲಿಯಂ ಬ್ರಾಡ್‌ಫರ್ಡ್. ಬ್ರಿಟಿಷ್ ಪಾರ್ಲಿಮೆಂಟು ಅಮೆರಿಕದ ತನ್ನ ವಸಾಹತುಗಳ ಮೇಲೆ ಹೇರಿ, ಮಾರನೆಯ ದಿನದಿಂದ ಜಾರಿಗೆ ಬರಲಿದ್ದ ಸ್ಟ್ಯಾಂಪ್ ತೆರಿಗೆ ಅವನ ಕಸುಬಿನ ಮೇಲೆಯೇ ಬಿದ್ದಿತ್ತು.

ಈ ಕಾಲದ ಪತ್ರಿಕೆಗಳನ್ನು ತೆರೆಯುವಾಗ ಮೊದಲು ನೆನಪಿಡಬೇಕಾದದ್ದು ಇದೇ. ತೆರಿಗೆ ಗಲಭೆಯ ಸುದ್ದಿ ಕೊಡುತ್ತಿದ್ದ ಪತ್ರಿಕೆಗಳು ಆ ವ್ಯಾಜ್ಯದಲ್ಲಿ ಸಾಕ್ಷಿಗಳಲ್ಲ, ಕಕ್ಷಿದಾರರು. ಹಾಗೆಂದು ಅವುಗಳನ್ನು ಬದಿಗಿಡಬೇಕಿಲ್ಲ. ಕಕ್ಷಿದಾರನ ಹೇಳಿಕೆಯನ್ನು ಓದುವ ರೀತಿಯೇ ಬೇರೆ, ಅಷ್ಟೆ.

ತೆರಿಗೆಯ ಲೆಕ್ಕದಿಂದಲೇ ಶುರುಮಾಡೋಣ. ಸ್ಟ್ಯಾಂಪ್ ಕಾಯ್ದೆಗೆ ರಾಜನ ಒಪ್ಪಿಗೆ ಬಿದ್ದದ್ದು 1765ರ ಮಾರ್ಚ್ 22ರಂದು, ಜಾರಿಯ ದಿನ ನವೆಂಬರ್ 1. ಸ್ಟ್ಯಾಂಪ್ ಎಂದರೆ ಇಂದಿನ ಅಂಟಿಸುವ ಚೀಟಿಯಲ್ಲ. ನಮ್ಮಲ್ಲಿ ಹಿಂದೆ ಛಾಪಾ ಕಾಗದ ಅನ್ನುತ್ತಿದ್ದರಲ್ಲ, ಆ ಬಗೆಯದು: ಲಂಡನ್ನಿನಲ್ಲೇ ಮುದ್ರೆ ಒತ್ತಿಸಿಕೊಂಡು ಹಡಗಿನಲ್ಲಿ ಬರುವ ಕಾಗದ. ಅರ್ಧ ಹಾಳೆ ಅಥವಾ ಅದಕ್ಕಿಂತ ಚಿಕ್ಕ ಪತ್ರಿಕೆಗೆ ಪ್ರತಿಯೊಂದಕ್ಕೆ ಅರ್ಧ ಪೆನ್ನಿ, ಅದಕ್ಕೆ ಮೀರಿ ಒಂದು ಪೂರ್ತಿ ಹಾಳೆಯವರೆಗೆ ಒಂದು ಪೆನ್ನಿ. ಪ್ರತಿ ಜಾಹೀರಾತಿಗೆ 2 ಶಿಲಿಂಗ್ (12 ಪೆನ್ನಿ, ಅಂದರೆ 12 ಪೆನ್ಸ್ ಸೇರಿದರೆ 1 ಶಿಲಿಂಗ್). ಪಂಚಾಂಗಕ್ಕೆ ಗಾತ್ರ ನೋಡಿ 2 ಅಥವಾ 4 ಪೆನ್ಸ್. ಇಸ್ಪೀಟಿನ ಕಟ್ಟಿಗೆ 1 ಶಿಲಿಂಗ್, ಒಂದು ಜೊತೆ ದಾಳಕ್ಕೆ 10 ಶಿಲಿಂಗ್, ಕಾಲೇಜಿನ ಪದವಿ ಪತ್ರಕ್ಕೆ 2 ಪೌಂಡ್, ವಕೀಲಿ ಸನ್ನದಿಗೆ 10 ಪೌಂಡ್. ಇಂಗ್ಲಿಷ್ ಅಲ್ಲದ ಭಾಷೆಯಲ್ಲಿದ್ದರೆ ಎಲ್ಲವೂ ದುಪ್ಪಟ್ಟು. ಫಿಲಡೆಲ್ಫಿಯಾದಲ್ಲಿ ಜರ್ಮನ್ ಪತ್ರಿಕೆ ಹೊರಡಿಸುತ್ತಿದ್ದ ಹೆನ್ರಿ ಮಿಲ್ಲರ್‌ಗೆ ಈ ಕಲಮು ಏನೆಂದು ಕೇಳಿಸಿತೋ ಊಹಿಸಿಕೊಳ್ಳಿ.

ಒಂದು ಪೆನ್ನಿ ಏನು ಮಹಾ ಅನ್ನಿಸುತ್ತದೆ. ಹೊಸಬರು ಎಡವುವುದು ಇಲ್ಲೇ. ಕಾಯ್ದೆ ಕೇಳಿದ್ದು ಇಂಗ್ಲೆಂಡಿನ ಸ್ಟರ್ಲಿಂಗ್ ಲೆಕ್ಕದ ಹಣ. ವಸಾಹತುಗಳಲ್ಲಿ ಓಡಾಡುತ್ತಿದ್ದದ್ದು ಆಯಾ ಊರಿನ ಶಿಲಿಂಗ್. ಹೆಸರು ಒಂದೇ, ಬೆಲೆ ಬೇರೆ. ಸ್ಪೇನಿನ ಬೆಳ್ಳಿ ಡಾಲರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಲೆಕ್ಕ ಸುಲಭ. ಸ್ಟರ್ಲಿಂಗ್‌ನಲ್ಲಿ ಅದು 4 ಶಿಲಿಂಗ್ 6 ಪೆನ್ಸ್, ಬಾಸ್ಟನ್ನಿನಲ್ಲಿ 6 ಶಿಲಿಂಗ್, ಫಿಲಡೆಲ್ಫಿಯಾದಲ್ಲಿ 7 ಶಿಲಿಂಗ್ 6 ಪೆನ್ಸ್, ನ್ಯೂಯಾರ್ಕಿನಲ್ಲಿ 8 ಶಿಲಿಂಗ್. ಆದ್ದರಿಂದ ಜಾಹೀರಾತಿನ ಮೇಲಿನ 2 ಶಿಲಿಂಗ್ ತೆರಿಗೆ ಬಾಸ್ಟನ್ನಿನಲ್ಲಿ 2 ಶಿಲಿಂಗ್ 8 ಪೆನ್ಸ್ ಆಗುತ್ತಿತ್ತು, ಫಿಲಡೆಲ್ಫಿಯಾದಲ್ಲಿ 3 ಶಿಲಿಂಗ್ 4 ಪೆನ್ಸ್. ವಾರಪತ್ರಿಕೆಗೆ ವರ್ಷಕ್ಕೆ 52 ಸಂಚಿಕೆ, ಅಂದರೆ 52 ಪೆನ್ಸ್ ಸ್ಟರ್ಲಿಂಗ್, ಫಿಲಡೆಲ್ಫಿಯಾದ ಹಣದಲ್ಲಿ 7 ಶಿಲಿಂಗ್ ದಾಟುತ್ತದೆ. ‘ಪೆನ್ಸಿಲ್ವೇನಿಯಾ ಗೆಜೆಟ್’ನ ವಾರ್ಷಿಕ ಚಂದಾ 10 ಶಿಲಿಂಗ್. ಈಗ ಆ ತಲೆಬುರುಡೆ ಯಾಕೆ ಬಂತು ಅನ್ನುವುದು ತಿಳಿಯುತ್ತದೆ. ಚಂದಾದಾರರು ಬಾಕಿ ಉಳಿಸಿಕೊಳ್ಳುವುದು ಮಾಮೂಲಾಗಿದ್ದ ಕಾಲದಲ್ಲಿ ತೆರಿಗೆಯನ್ನು ಮಾತ್ರ ಕಾಗದ ಕೊಳ್ಳುವಾಗಲೇ ಕಟ್ಟಬೇಕಿತ್ತು. ತಪ್ಪಿದರೆ ಮೊಕದ್ದಮೆ ಜ್ಯೂರಿಯಿಲ್ಲದ ನೌಕಾ ನ್ಯಾಯಾಲಯಕ್ಕೆ ಹೋಗಬಹುದಿತ್ತು. ‘ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ’ ಎಂಬ ತತ್ತ್ವದ ಕೆಳಗೆ ಈ ಚಿಲ್ಲರೆ ಲೆಕ್ಕವೂ ಕೂತಿದೆ. ತತ್ತ್ವ ಸುಳ್ಳು ಅಂತಲ್ಲ, ಆದರೆ ಅದನ್ನು ಅಷ್ಟು ಹುರುಪಿನಿಂದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ್ದಕ್ಕೆ ಈ ಲೆಕ್ಕವೂ ಕಾರಣ.

ಇನ್ನು ಪತ್ರಿಕೆಯ ಮೈಕಟ್ಟು. ಒಂದು ದೊಡ್ಡ ಹಾಳೆ, ನಡುವೆ ಒಂದು ಮಡಿಕೆ, ನಾಲ್ಕು ಪುಟ. ಮರದ ಮುದ್ರಣ ಯಂತ್ರದ ಮುಂದೆ ಇಬ್ಬರು. ಒಬ್ಬ ಚರ್ಮದ ಉಂಡೆಯಿಂದ ಮೊಳೆಗಳಿಗೆ ಮಸಿ ಬಡಿಯುತ್ತಾನೆ, ಇನ್ನೊಬ್ಬ ಹಿಡಿ ಎಳೆಯುತ್ತಾನೆ. ಕೈ ಪಳಗಿದವರಾದರೆ ಗಂಟೆಗೆ 250 ಹಾಳೆ, ಅದೂ ಒಂದೇ ಮಗ್ಗುಲು. ಸಾವಿರ ಪ್ರತಿಗೆ ಎರಡೂ ಮಗ್ಗುಲು ಸೇರಿ ಎಂಟು ಗಂಟೆಯ ದುಡಿಮೆ. ಹಾಗಾಗಿ 1 ಮತ್ತು 4ನೇ ಪುಟದ ಫಾರಂ (ಚೌಕಟ್ಟಿನಲ್ಲಿ ಬಿಗಿದ ಮೊಳೆಗಳ ಜೋಡಣೆ) ಮೊದಲೇ ತಯಾರಾಗಿ ಅಚ್ಚಾಗುತ್ತಿತ್ತು. ಆ ಮೊಳೆಗಳನ್ನು ಬಿಚ್ಚಿ ಖಾನೆಗೆ ಹಾಕಿಕೊಂಡ ಮೇಲೆ 2 ಮತ್ತು 3ನೇ ಪುಟ. ಇದರ ಪರಿಣಾಮ ನಮ್ಮ ಅಭ್ಯಾಸಕ್ಕೆ ಪೂರ್ತಿ ತಿರುಗುಮುರುಗು: ಮುಖಪುಟದಲ್ಲಿರುವುದು ಹಳಸಲು ಸುದ್ದಿ, ಲಂಡನ್ನಿನಿಂದ ಬಂದ ಹಳೆಯ ಪತ್ರಿಕೆಗಳ ನಕಲು, ಉದ್ದನೆಯ ಪ್ರಬಂಧ, ಜಾಹೀರಾತು. ಬಿಸಿ ಸುದ್ದಿ ಒಳಗಿನ ಪುಟಗಳಲ್ಲಿ ಊರಿನ ಹೆಸರಿನ ಕೆಳಗೆ, ದಪ್ಪ ತಲೆಬರಹವಿಲ್ಲದೆ, ನಾಲ್ಕು ಸಾಲಿನಲ್ಲಿ ಅಡಗಿರುತ್ತದೆ. ಮುಖಪುಟ ನೋಡಿ ‘ಈ ಪತ್ರಿಕೆ ಗಲಭೆಯನ್ನು ಬರೆದೇ ಇಲ್ಲ’ ಎಂದು ತೀರ್ಮಾನಿಸುವವರು ಮೂರನೇ ಪುಟ ತಿರುವಿರುವುದಿಲ್ಲ. ಸುದ್ದಿ ಹೆಚ್ಚಾದರೆ ಪುರವಣಿಯ ಅರ್ಧ ಹಾಳೆ ಬೇರೆ. ಇದು ಅನೇಕ ಸಂಗ್ರಹಗಳಲ್ಲಿ ಕಳಚಿಹೋಗಿರುತ್ತದೆ ಅಥವಾ ಬೇರೆ ಸಂಚಿಕೆಯ ಜೊತೆ ಹೊಲಿದಿರುತ್ತದೆ.

ವಾರದ ದಿನವನ್ನೂ ಗಮನಿಸಬೇಕು. ಬಾಸ್ಟನ್ನಿನಲ್ಲಿ ನಾಲ್ಕು ಪತ್ರಿಕೆಗಳು. ಗೆಜೆಟ್, ಈವ್ನಿಂಗ್ ಪೋಸ್ಟ್, ಪೋಸ್ಟ್ ಬಾಯ್ ಈ ಮೂರೂ ಸೋಮವಾರ, ನ್ಯೂಸ್ ಲೆಟರ್ ಗುರುವಾರ. ಆಗಸ್ಟ್ 14ರ ಬುಧವಾರ ಸ್ಟ್ಯಾಂಪ್ ಹಂಚಲು ನೇಮಕವಾಗಿದ್ದ ಆ್ಯಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ದೊಡ್ಡ ಎಲ್ಮ್ ಮರಕ್ಕೆ ನೇತುಹಾಕಿದರು. ಪಕ್ಕದಲ್ಲಿ ಒಂದು ಬೂಟು, ಅದರೊಳಗಿಂದ ಇಣುಕುವ ಸೈತಾನ. ಬೂಟು ಯಾಕೆಂದರೆ ಮಾಜಿ ಪ್ರಧಾನಿ ಲಾರ್ಡ್ ಬ್ಯೂಟ್‌ನ ಹೆಸರು ಹಾಗೆ ಕೇಳಿಸುತ್ತದೆ. ಅದರ ಅಟ್ಟೆಗೆ ಹಸಿರು ಬಣ್ಣ ಬಳಿದದ್ದು ಈ ಕಾಯ್ದೆ ತಂದ ಪ್ರಧಾನಿ ಗ್ರೆನ್‌ವಿಲ್ ಹೆಸರಿನ ಮೊದಲ ಅಕ್ಷರಗಳನ್ನು ಹಸಿರು ಎಂಬರ್ಥದ ‘ಗ್ರೀನ್’ ಎಂಬ ಇಂಗ್ಲಿಷ್ ಮಾತಿಗೆ ತಗುಲಿಸಲು. ಸಂಜೆ ಗುಂಪು ಆಲಿವರ್‌ನ ಹೊಸ ಕಟ್ಟಡ ಕೆಡವಿತು, ಮಾರನೆಯ ದಿನ ಅವನು ಹುದ್ದೆ ಬಿಡುವುದಾಗಿ ಹೇಳಿದ. ಗೆಜೆಟ್‌ನಲ್ಲಿ ಇದು ಬಂದದ್ದು ಸೋಮವಾರ, 19ರಂದು. ಆಗಸ್ಟ್ 26ರ ರಾತ್ರಿ ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್ಸನ್‌ನ ಮನೆ ಧ್ವಂಸವಾಯಿತು. ಅದೂ ಸೋಮವಾರವೇ. ಅಂದಿನ ತಾರೀಖಿನ ಗೆಜೆಟ್‌ನಲ್ಲಿ ಹುಡುಕಿದರೆ ಏನೂ ಸಿಗದು, ಅದು ಬೆಳಿಗ್ಗೆಯೇ ಅಚ್ಚಾಗಿ ಮುಗಿದಿತ್ತು. ನೋಡಬೇಕಾದದ್ದು ಗುರುವಾರದ ನ್ಯೂಸ್ ಲೆಟರ್ ಮತ್ತು ಸೆಪ್ಟೆಂಬರ್ 2ರ ಸೋಮವಾರದ ಪತ್ರಿಕೆಗಳು.

ಈ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಒಳ್ಳೆಯ ಅಭ್ಯಾಸ. ಗೆಜೆಟ್‌ನ ಮುದ್ರಕ ಬೆಂಜಮಿನ್ ಈಡ್ಸ್, 14ರ ಪ್ರತಿಭಟನೆಯನ್ನು ಹೂಡಿದ ‘ಲಾಯಲ್ ನೈನ್’ ಕೂಟದವನು. ಅಂದರೆ ಘಟನೆ ನಡೆಸಿದವರ ಪೈಕಿಯವನೇ ಅದರ ವರದಿಗಾರ. ವರದಿಯಲ್ಲಿ ಕರ್ತೃವೇ ಕಾಣುವುದಿಲ್ಲ, ಪ್ರತಿಕೃತಿ ಬೆಳಿಗ್ಗೆ ತಾನಾಗಿ ಮರದಲ್ಲಿ ಮೂಡಿದಂತಿದೆ. 26ರ ಲೂಟಿಯನ್ನಾದರೋ ಊರಿನ ಸಭೆ ಮಾರನೆಯ ದಿನವೇ ತನ್ನದಲ್ಲ ಎಂದು ಕೈತೊಳೆದುಕೊಂಡಿತು. ಮುಂದಿನ ವರ್ಷಗಳಲ್ಲಿ ಆಗಸ್ಟ್ 14ರ ವಾರ್ಷಿಕೋತ್ಸವದ ಊಟ, ಬಟ್ಟಲೆತ್ತಿ ಹಾರೈಸಿ ಕುಡಿದ ಟೋಸ್ಟುಗಳ ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. 26ಕ್ಕೆ ಅಂಥ ಹಬ್ಬವಿಲ್ಲ. ಎರಡೂ ದಿನ ಬೀದಿಗಿಳಿದವರಲ್ಲಿ ಅದೇ ಮುಖಗಳು ಎಷ್ಟೋ ಇದ್ದಿರಬೇಕು.

ತಾರೀಖು ಓದುವಾಗ ಇನ್ನೊಂದು ಗುಂಡಿ. ಅಂದಿನ ಮುದ್ರಕರು ಪರಸ್ಪರ ಪತ್ರಿಕೆ ವಿನಿಮಯ ಮಾಡಿಕೊಂಡು ಒಬ್ಬರದನ್ನು ಒಬ್ಬರು ಅಕ್ಷರಶಃ ನಕಲು ಮಾಡುತ್ತಿದ್ದರು. ಅದು ಕಳ್ಳತನವಲ್ಲ, ವ್ಯವಸ್ಥೆಯೇ ಹಾಗಿತ್ತು. ‘ಇನ್‌ಸ್ಟ್.’ ಎಂದರೆ ಈ ತಿಂಗಳು, ‘ಅಲ್ಟ್.’ ಎಂದರೆ ಕಳೆದ ತಿಂಗಳು. ಬಾಸ್ಟನ್ನಿನವರು ಆಗಸ್ಟ್‌ನಲ್ಲಿ ‘14 ಇನ್‌ಸ್ಟ್.’ ಎಂದು ಬರೆದದ್ದನ್ನು ದಕ್ಷಿಣದ ಊರೊಂದರ ಮುದ್ರಕ ಸೆಪ್ಟೆಂಬರಿನಲ್ಲಿ ತಿದ್ದದೆ ಎತ್ತಿಕೊಂಡರೆ, ಗಲಭೆ ಸೆಪ್ಟೆಂಬರಿಗೆ ಜಿಗಿಯುತ್ತದೆ. ಆದ್ದರಿಂದ ಪತ್ರಿಕೆಯ ತಲೆಯ ಮೇಲಿನ ತಾರೀಖನ್ನಲ್ಲ, ಆ ತುಣುಕಿನ ನೆತ್ತಿಯಲ್ಲಿರುವ ಊರು ಮತ್ತು ತಾರೀಖನ್ನು ಹಿಡಿದು ಲೆಕ್ಕ ಹಾಕಬೇಕು. ಒಂದೇ ವರದಿ ಹತ್ತು ಪತ್ರಿಕೆಗಳಲ್ಲಿ ಸಿಕ್ಕರೆ ಹತ್ತು ಸಾಕ್ಷಿ ಸಿಕ್ಕಂತಲ್ಲ. ಒಂದು ಸಾಕ್ಷಿ, ಒಂಬತ್ತು ಮಾರ್ದನಿ.

ಮಾರ್ದನಿಯೂ ಚರಿತ್ರೆಯನ್ನು ತಿರುಗಿಸಬಲ್ಲದು ಎನ್ನುವುದಕ್ಕೆ ವರ್ಜೀನಿಯಾದ ನಿರ್ಣಯಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೇ 30ರಂದು ಅಲ್ಲಿನ ಶಾಸನಸಭೆ ಪ್ಯಾಟ್ರಿಕ್ ಹೆನ್ರಿ ಈ ತೆರಿಗೆಯ ವಿರುದ್ಧ ಮುಂದಿಟ್ಟ ಐದು ನಿರ್ಣಯಗಳನ್ನು ಒಪ್ಪಿತು. ಮಾರನೆಯ ದಿನ ಐದನೆಯದನ್ನು ಅಳಿಸಿತು. ದಾಖಲೆಯಲ್ಲಿ ಉಳಿದದ್ದು ನಾಲ್ಕು, ಅವೂ ಮಿತವಾದ ಭಾಷೆಯಲ್ಲಿ. ಅಲ್ಲಿನ ಏಕೈಕ ಪತ್ರಿಕೆ ವರ್ಜೀನಿಯಾ ಗೆಜೆಟ್‌ನ ಮುದ್ರಕ ಜೋಸೆಫ್ ರಾಯ್ಲ್ ಸರ್ಕಾರದ ಮುದ್ರಣದ ಕೆಲಸವನ್ನೂ ನೆಚ್ಚಿಕೊಂಡವನು. ಅವನು ಇವನ್ನು ಅಚ್ಚು ಹಾಕಲೇ ಇಲ್ಲ. ಆ ಖಾಲಿ ಜಾಗಕ್ಕೆ ಕೈಬರಹದ ಪ್ರತಿಗಳು ನುಗ್ಗಿದವು. ಜೂನ್ 24ರಂದು ರೋಡ್ ಐಲೆಂಡಿನ ‘ನ್ಯೂಪೋರ್ಟ್ ಮರ್ಕ್ಯುರಿ’ ಆರು ನಿರ್ಣಯ ಪ್ರಕಟಿಸಿತು. ಜುಲೈ 4ರಂದು ‘ಮೇರಿಲ್ಯಾಂಡ್ ಗೆಜೆಟ್’ ತನ್ನದೊಂದು ಪಾಠಾಂತರ ಕೊಟ್ಟಿತು. ಇಂಥ ತೆರಿಗೆಗೆ ತಲೆಬಾಗಬೇಕಾಗಿಲ್ಲ, ಪಾರ್ಲಿಮೆಂಟಿಗೆ ಈ ಅಧಿಕಾರವಿದೆ ಎನ್ನುವವನು ವಸಾಹತಿನ ವೈರಿ ಎಂಬ ಸಾಲುಗಳು ಎರಡರಲ್ಲೂ ಇದ್ದವು. ಸಭೆಯ ದಾಖಲೆಯಲ್ಲಿ ಅವು ಇಲ್ಲ. ಆದರೆ ಉಳಿದ ವಸಾಹತುಗಳು ಓದಿದ್ದು ದಾಖಲೆಯನ್ನಲ್ಲ, ಪತ್ರಿಕೆಯನ್ನು. ವರ್ಜೀನಿಯಾ ಇಷ್ಟು ದೂರ ಹೋಗಿದೆ, ನಾವೇಕೆ ಸುಮ್ಮನಿರಬೇಕು ಎಂದು ಅವರ ಬಿಸಿ ಏರಿತು. ಒಬ್ಬ ಮುದ್ರಕ ಬಾಯಿ ಮುಚ್ಚಿಕೊಂಡಿದ್ದಕ್ಕೆ ಹುಟ್ಟಿದ ಫಲ ಇದು. 1766ರಲ್ಲಿ ವಿಲಿಯಂ ರಿಂಡ್ ಎಂಬವನು ವಿಲಿಯಮ್ಸ್‌ಬರ್ಗ್‌ನಲ್ಲಿ ಎರಡನೇ ಪತ್ರಿಕೆ ಶುರುಮಾಡಿದ. ಅದರ ಹೆಸರೂ ‘ವರ್ಜೀನಿಯಾ ಗೆಜೆಟ್’! ಮುಂದೆ ಅದೇ ಹೆಸರಿನಲ್ಲಿ ಮೂರು ಪತ್ರಿಕೆ ಒಟ್ಟಿಗೆ ಹೊರಡುತ್ತಿದ್ದ ಕಾಲವೂ ಬಂತು. ಉಲ್ಲೇಖಿಸುವಾಗ ಮುದ್ರಕನ ಹೆಸರು ಸೇರಿಸದಿದ್ದರೆ ನಿಮ್ಮ ಟಿಪ್ಪಣಿ ನಿಮಗೇ ಆರು ತಿಂಗಳ ಮೇಲೆ ಅರ್ಥವಾಗದು.

ನವೆಂಬರ್ 1 ಬಂತು. ಸ್ಟ್ಯಾಂಪ್ ಹಂಚಬೇಕಾದವರು ಬಹುತೇಕ ಎಲ್ಲ ಕಡೆ ರಾಜೀನಾಮೆ ಕೊಟ್ಟಾಗಿತ್ತು. ಕನೆಕ್ಟಿಕಟ್‌ನ ಜೇರೆಡ್ ಇಂಗರ್ಸಾಲ್‌ನನ್ನು ಸೆಪ್ಟೆಂಬರಿನಲ್ಲಿ ವೆದರ್ಸ್‌ಫೀಲ್ಡ್‌ನಲ್ಲಿ ಕುದುರೆ ಸವಾರರ ಗುಂಪು ಅಡ್ಡಗಟ್ಟಿ ಹುದ್ದೆ ಬಿಡಿಸಿತ್ತು. ಮುದ್ರೆಯಿಲ್ಲದ ಕಾಗದದಲ್ಲಿ ಅಚ್ಚು ಹಾಕಿದರೆ ಅಪರಾಧ, ಮುದ್ರೆಯ ಕಾಗದ ಕೊಂಡರೆ ಮನೆಗೆ ಕಲ್ಲು. ಮುದ್ರಕರು ಹೂಡಿದ ಉಪಾಯಗಳು ಒಂದೊಂದೂ ಒಂದೊಂದು ಥರ. ‘ಪೆನ್ಸಿಲ್ವೇನಿಯಾ ಗೆಜೆಟ್’ ನವೆಂಬರ್ 7ರಂದು ತನ್ನ ಹೆಸರು, ಮುದ್ರಕನ ಹೆಸರು ಎರಡನ್ನೂ ಬಿಟ್ಟು ‘ಮುದ್ರೆಯ ಕಾಗದ ಸಿಕ್ಕಿಲ್ಲ’ ಎಂಬ ತಲೆಬರಹದ ಹಾಳೆ ಹೊರಡಿಸಿತು. ಮುಂದಿನ ವಾರ ‘ಗಮನಾರ್ಹ ಘಟನೆಗಳು’ ಎಂಬ ತಲೆಬರಹ. ನ್ಯೂಯಾರ್ಕಿನ ಜಾನ್ ಹೋಲ್ಟ್ ಮಾತ್ರ ಅದೇ 7ರಂದು ‘ಸ್ವಾತಂತ್ರ್ಯ, ಆಸ್ತಿ, ಸ್ಟ್ಯಾಂಪ್ ಬೇಡ’ ಎಂಬ ಅರ್ಥದ ಘೋಷಣೆಯನ್ನು ನೆತ್ತಿಗೆ ಕಟ್ಟಿಕೊಂಡು ರಾಜಾರೋಷವಾಗಿ ಬಂದ. ಮೇರಿಲ್ಯಾಂಡಿನ ಜೋನಾಸ್ ಗ್ರೀನ್ ಅಕ್ಟೋಬರ್ 10ಕ್ಕೇ ಪತ್ರಿಕೆ ‘ಸತ್ತಿತು’ ಎಂದಿದ್ದವನು, ಡಿಸೆಂಬರ್ 10ರಂದು ಅದರ ದೆವ್ವವನ್ನು ಎಬ್ಬಿಸಿದ: ಸತ್ತಿಲ್ಲ, ಮಲಗಿದೆ ಅಷ್ಟೆ ಎಂಬ ತಲೆಬರಹದೊಂದಿಗೆ.

ಇದರಿಂದ ಸಂಗ್ರಹ ನೋಡುವವರಿಗೆ ಎರಡು ತೊಂದರೆ. ಹೆಸರಿಲ್ಲದ ಹಾಳೆಗಳನ್ನು ಗ್ರಂಥಾಲಯಗಳು ಕರಪತ್ರಗಳ ಪೆಟ್ಟಿಗೆಗೆ ಹಾಕಿರುವುದುಂಟು. ಗೆಜೆಟ್‌ನ ಸಾಲಿನಲ್ಲಿ ಹುಡುಕಿದರೆ ಸಿಗವು. ಎರಡನೆಯದು, ಕಂಡಿಯೆಲ್ಲ ಕಳೆದುಹೋದದ್ದಲ್ಲ. ಪೀಟರ್ ತಿಮೊಥಿಯ ‘ಸೌತ್ ಕೆರೊಲಿನಾ ಗೆಜೆಟ್’ ಅಕ್ಟೋಬರ್ 31ರಿಂದ ಮುಂದಿನ ಜೂನ್‌ವರೆಗೆ ಅಚ್ಚಾಗಲೇ ಇಲ್ಲ. ಆ ಸಂದಿಯಲ್ಲೇ ಚಾರ್ಲ್ಸ್ ಕ್ರೌಚ್ ಡಿಸೆಂಬರ್ 17ರಂದು ಸ್ಟ್ಯಾಂಪಿಲ್ಲದೆ ಹೊಸ ಪತ್ರಿಕೆ ತೆರೆದ. ಅಂಜಿ ನಿಲ್ಲಿಸಿದವನ ಗಿರಾಕಿಗಳು ಅಂಜದವನ ಪಾಲಾಗುವ ಹೊತ್ತು ಅದು. ಸಂಚಿಕೆಯ ಕ್ರಮಸಂಖ್ಯೆ ನೋಡಿ, ಅದು ಕಡಿಯದೆ ಮುಂದುವರಿದಿದ್ದರೆ ನಡುವೆ ಏನೂ ಹೊರಬಂದಿಲ್ಲ ಎಂದು ತಿಳಿಯಬಹುದು. ಎಲ್ಲರೂ ಪ್ರತಿಭಟಿಸಿದರು ಎಂಬ ಚಿತ್ರವೂ ಸರಿಯಲ್ಲ. ನೋವಾ ಸ್ಕೋಶಿಯಾದ ‘ಹ್ಯಾಲಿಫ್ಯಾಕ್ಸ್ ಗೆಜೆಟ್’ ಮುದ್ರೆಯ ಕಾಗದದಲ್ಲೇ ಅಚ್ಚಾಯಿತು. ಜಮೈಕಾ, ಬಾರ್ಬಡೋಸ್ ತೆರಿಗೆ ಕಟ್ಟಿದವು.

ಮುದ್ರಕನ ಹೆಸರು ಇದ್ದಾಗಲೂ ನಂಬುವಂತಿಲ್ಲ. 1765ರ ಸೆಪ್ಟೆಂಬರ್ 21ರ ‘ಕಾನ್‌ಸ್ಟಿಟ್ಯೂಷನಲ್ ಕೂರಾಂಟ್’ನ ಅಡಿಯಲ್ಲಿ ‘ಆ್ಯಂಡ್ರ್ಯೂ ಮಾರ್ವೆಲ್, ಲಂಚ ತಿರಸ್ಕರಿಸಿದ ಫಲಕದ ಬಳಿ, ಕಾನ್‌ಸ್ಟಿಟ್ಯೂಷನ್ ಗುಡ್ಡ’ ಎಂಬ ವಿಳಾಸವಿದೆ. ಅಂಥ ಗುಡ್ಡವೂ ಇಲ್ಲ, ಮುದ್ರಕನೂ ಇಲ್ಲ. ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ವಿಲಿಯಂ ಗೊಡಾರ್ಡ್ ಅಚ್ಚು ಹಾಕಿ ನ್ಯೂಯಾರ್ಕಿನ ಬೀದಿಯಲ್ಲಿ ಮಾರಿಸಿದ ಹಾಳೆ ಅದು. ಅದರ ಮೇಲಿರುವ ತುಂಡರಿಸಿದ ಹಾವಿನ ಚಿತ್ರ ತೆರಿಗೆ ಚಳವಳಿಯ ಕೂಸು ಎಂದು ಹಲವರು ತಿಳಿದಿದ್ದಾರೆ. ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಮೊದಲು ಹಾಕಿದ್ದು 1754ರ ಮೇ 9ರಂದು, ಫ್ರೆಂಚರ ವಿರುದ್ಧ ವಸಾಹತುಗಳು ಒಂದಾಗಲಿ ಎಂದು. ಹನ್ನೊಂದು ವರ್ಷದ ಮೇಲೆ ಅದೇ ಹಾವು ಹೆಡೆಯನ್ನು ಲಂಡನ್ನಿನ ಕಡೆಗೆ ತಿರುಗಿಸಿತು.

ಸ್ಟ್ಯಾಂಪ್ ಕಾಯ್ದೆ ಹೋಗಿ 1767ರಲ್ಲಿ ಟೌನ್‌ಶೆಂಡ್ ಸುಂಕಗಳು ಬಂದಾಗ ಈ ಕೈಚಳಕ ಇನ್ನೂ ಪಕ್ವವಾಯಿತು. ಗಾಜು, ಸೀಸ, ಬಣ್ಣ, ಚಹಾ, ಜೊತೆಗೆ ಮತ್ತೆ ಕಾಗದ! 1768ರಲ್ಲಿ ಬಾಸ್ಟನ್ನಿಗೆ ಸೈನ್ಯ ಇಳಿದ ಮೇಲೆ ‘ಜರ್ನಲ್ ಆಫ್ ಅಕರೆನ್ಸಸ್’ ಎಂಬ ದಿನಚರಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಬರೆದದ್ದು ಬಾಸ್ಟನ್ನಿನಲ್ಲಿ, ಬರೆದವರ ಹೆಸರಿಲ್ಲ. ಮೊದಲು ಅಚ್ಚಾಗುತ್ತಿದ್ದದ್ದು ನ್ಯೂಯಾರ್ಕಿನಲ್ಲಿ. ಆಮೇಲೆ ಫಿಲಡೆಲ್ಫಿಯಾ, ಉಳಿದ ಊರುಗಳು, ವಾರಗಳ ನಂತರ ತಿರುಗಿ ಬಾಸ್ಟನ್ನಿಗೆ. ಸೈನಿಕ ಇಂಥವಳನ್ನು ಬೀದಿಯಲ್ಲಿ ತಡೆದ ಎಂಬ ಸಾಲನ್ನು ಅದೇ ಬೀದಿಯವರು ಓದುವ ಹೊತ್ತಿಗೆ ಪರಿಶೀಲಿಸುವ ಕಾಲ ಮೀರಿರುತ್ತಿತ್ತು. ಇದನ್ನು ಯೋಜಿಸಿದವರ ಬುದ್ಧಿಗೆ ತಲೆದೂಗಲೇಬೇಕು. ಇದರ ಒಂದೊಂದು ಘಟನೆಯನ್ನೂ ನ್ಯಾಯಾಲಯದ ಕಡತ ಅಥವಾ ಸೈನ್ಯದ ಕಾಗದಪತ್ರಕ್ಕೆ ಹೋಲಿಸದೆ ಬಳಸಬಾರದು.

ಎದುರು ದನಿಗೂ ಕಿವಿಗೊಡಿ. ಬ್ರಿಟಿಷ್ ಸರಕು ತರಿಸುವುದಿಲ್ಲ ಎಂದು ವರ್ತಕರು ಸಹಿ ಹಾಕಿದ್ದ 1769ರಲ್ಲಿ ‘ಬಾಸ್ಟನ್ ಕ್ರಾನಿಕಲ್’ನ ಜಾನ್ ಮೈನ್ ಹಡಗುಗಳ ಸರಕು ಪಟ್ಟಿಗಳನ್ನೇ ಅಚ್ಚು ಹಾಕತೊಡಗಿದ. ಸಹಿ ಹಾಕಿದವರ ಹೆಸರಿನಲ್ಲೇ ಮಾಲು ಬಂದಿರುವುದು ಅದರಲ್ಲಿತ್ತು, ಚಳವಳಿಯ ಮುಂದಾಳಾಗಿದ್ದ ವರ್ತಕ ಜಾನ್ ಹ್ಯಾನ್‌ಕಾಕ್‌ನ ಹೆಸರೂ ಸೇರಿ. ಅಕ್ಟೋಬರ್ 28ರಂದು ಗುಂಪು ಮೈನ್‌ನ ಮೇಲೆ ಬಿತ್ತು. ಕೆಲವೇ ವಾರಗಳಲ್ಲಿ ಅವನು ಇಂಗ್ಲೆಂಡಿಗೆ ಹಡಗು ಹತ್ತಿದ. ಮುದ್ರಣ ಸ್ವಾತಂತ್ರ್ಯದ ಬಗ್ಗೆ ಪ್ರತಿ ವಾರ ಬರೆಯುತ್ತಿದ್ದ ಊರು ಇದು.

ಕಂಪ್ಯೂಟರಿನಲ್ಲಿ ಹುಡುಕುವವರಿಗೆ ಒಂದೆರಡು ಮಾತು. ಅಂದಿನ ಉದ್ದನೆಯ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ, ಯಂತ್ರವೂ ಹಾಗೇ ಓದುತ್ತದೆ. ‘ಸ್ಟ್ಯಾಂಪ್’ ಸಿಗದಿದ್ದರೆ ಮೊದಲಕ್ಷರದ ಜಾಗದಲ್ಲಿ ‘ಎಫ್’ ಹಾಕಿ ಹುಡುಕಿ, ‘ಅಸೆಂಬ್ಲಿ’ಗೆ ನಡುವಿನ ಎರಡೂ ಅಕ್ಷರ ಬದಲಿಸಿ. ಮಾನನಷ್ಟದ ಭಯಕ್ಕೆ ಮ್ಯಾಸಚೂಸೆಟ್ಸ್‌ನ ಗವರ್ನರ್ ಬರ್ನಾರ್ಡ್‌ನಂಥವರ ಹೆಸರನ್ನು ಮೊದಲ ಮತ್ತು ಕೊನೆಯ ಅಕ್ಷರ ಮಾತ್ರ ಉಳಿಸಿ ನಡುವೆ ಗೆರೆ ಎಳೆದು ಬರೆಯುತ್ತಿದ್ದರು. ಯಂತ್ರದ ಹುಡುಕಾಟಕ್ಕೆ ಅದು ಬೀಳುವುದೇ ಇಲ್ಲ, ಕಣ್ಣಿನಿಂದಲೇ ಓದಬೇಕು. ಗುಪ್ತನಾಮಗಳ ಕಾಟಕ್ಕೆ ಹಾರ್ಬಾಟಲ್ ಡಾರ್ ಎಂಬ ಬಾಸ್ಟನ್ನಿನ ಅಂಗಡಿಕಾರ ದೊಡ್ಡ ಉಪಕಾರ ಮಾಡಿಟ್ಟಿದ್ದಾನೆ. 1765ರಿಂದ ಪತ್ರಿಕೆಗಳನ್ನು ಕೂಡಿಟ್ಟು, ಅಂಚಿನಲ್ಲಿ ಇದು ಬರೆದವರು ಇಂಥವರು, ಇದರ ಮುಂದುವರಿಕೆ ಇಂಥ ಪುಟದಲ್ಲಿ ಎಂದು ಗುರುತು ಹಾಕಿ, ಕೊನೆಗೆ ಅಕಾರಾದಿಯನ್ನೂ ತಾನೇ ಮಾಡಿದ. ನಾಲ್ಕು ಸಂಪುಟ, ಮೂರು ಸಾವಿರಕ್ಕೂ ಹೆಚ್ಚು ಪುಟ. ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ ಅದನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ತೆರೆದಿಟ್ಟಿದೆ. ಡಾರ್ ಕೂಡ ಒಂದು ಕಡೆಯವನೇ, ಆದರೆ ಆ ಬೀದಿಗಳಲ್ಲಿ ಓಡಾಡುತ್ತಿದ್ದವನ ಊಹೆ ನಮ್ಮ ಊಹೆಗಿಂತ ಮೇಲು.

1766ರ ಮೇ 16ರ ಶುಕ್ರವಾರದ ಹಾಳೆಯೊಂದನ್ನು ತಪ್ಪದೆ ನೋಡಿ. ಬೆಳಿಗ್ಗೆ 11 ಗಂಟೆ ಎಂದು ಸಮಯವನ್ನೂ ನಮೂದಿಸಿದ್ದಾರೆ. ಹ್ಯಾನ್‌ಕಾಕ್‌ನ ‘ಹ್ಯಾರಿಸನ್’ ಹಡಗು ಲಂಡನ್ನಿನಿಂದ 6 ವಾರ 2 ದಿನದಲ್ಲಿ ಬಂದು, ಮಾರ್ಚ್ 18ರಂದು ಸ್ಟ್ಯಾಂಪ್ ಕಾಯ್ದೆ ರದ್ದಾದ ಸುದ್ದಿ ತಂದಿತ್ತು. ಸೋಮವಾರದವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ವಾರಕ್ಕೊಮ್ಮೆ ಪರಸ್ಪರ ಕುಟುಕುತ್ತಿದ್ದ ಬಾಸ್ಟನ್ನಿನ ನಾಲ್ಕೂ ಪತ್ರಿಕೆಗಳ ಮುದ್ರಕರು ಒಂದೇ ಹಾಳೆಗೆ ಹೆಸರು ಹಾಕಿ, ಚಂದಾದಾರರಿಗೆ ಪುಕ್ಕಟೆ ಎಂದು ಅಡಿಯಲ್ಲಿ ಬರೆದರು. ವಸಾಹತುಗಳನ್ನು ಎಲ್ಲ ವಿಷಯದಲ್ಲೂ ಕಟ್ಟಿಹಾಕುವ ಅಧಿಕಾರ ಪಾರ್ಲಿಮೆಂಟಿಗಿದೆ ಎನ್ನುವ ಇನ್ನೊಂದು ಕಾಯ್ದೆಗೂ ಅದೇ ಮಾರ್ಚ್ 18ರಂದೇ ಒಪ್ಪಿಗೆ ಬಿದ್ದಿತ್ತು.